ಒಂಬತ್ತನೆಯ ಗೂಟ

ಬೂಟು ಬಾಯಿಬಿಟ್ಟದ್ದು
ಒಂಬತ್ತನೆಯ ಕಬ್ಬಿಣದ ಗೂಟದ ಹತ್ತಿರ.
ಎಣಿಸುವುದು ನನ್ನ ಚಾಳಿ.
ಯೆಸೆನಿತ್ಸೆಯ ಅಂಚೆ ಕಚೇರಿಯಲ್ಲಿ
ಮೂವತ್ತೊಂದು ವರ್ಷ ಚಿಲ್ಲರೆ ಎಣಿಸಿದ ಬೆರಳು
ಪ್ರಪಾತದ ಮೇಲೆ ನೇತಾಡುವಾಗಲೂ ಸುಮ್ಮನಿರಲಿಲ್ಲ.

ನಮ್ಮ ಐವತ್ತು ಸೆಂಟಿನ ಬೆನ್ನಿಗೆ ಇದೇ ಬೆಟ್ಟ:
ತ್ರಿಗ್ಲಾವ್, ಮೂರು ತಲೆ.
ದಿನಕ್ಕೆ ನೂರು ಸಲ ಗಾಜಿನ ಕಿಂಡಿಯಡಿ ಸರಿಸಿದ್ದೇನೆ,
ಹೆಬ್ಬೆರಳಲ್ಲಿ ಮುಚ್ಚಿದ್ದೇನೆ.
ಅಷ್ಟೇ ಅಗಲ ಅಂದುಕೊಂಡಿದ್ದೆ.

ಒಮ್ಮೆಯಾದರೂ ಹತ್ತದವಳು ಈ ನಾಡಿನವಳೇ ಅಲ್ಲ
ಎಂಬ ಮಾತು ಹುಟ್ಟಿದಂದಿನಿಂದ ಕಿವಿಯಲ್ಲಿದೆ.
ಮದುವೆ ಮನೆಯಲ್ಲಿ ಕೇಳುತ್ತಾರೆ,
ಹಲ್ಲಿನ ಡಾಕ್ಟರು ಬಾಯಿ ತೆರೆಸಿಯೇ ಕೇಳುತ್ತಾರೆ:
"ಹತ್ತಿದ್ದೀರಾ, ತೊಂಚ್ಕಾ?"
ಬಾಯಿ ತುಂಬ ಅವರೇ ತುರುಕಿದ ಹತ್ತಿ.
ಊಂ ಊಂ ಅಂದೆ.
ಹೌದೋ ಅಲ್ಲವೋ ಅವರವರಿಗೆ ಕೇಳಿಸಿದ್ದು.

ಬೂಟು ಅಕ್ಕ ಫಾನಿಯದು. ಇಟಲಿಯ ತೊಗಲು,
ಆಗಿನ ಅರ್ಧ ಸಂಬಳ.
ಕೊಂಡ ವರ್ಷವೇ ಅವಳ ಮಂಡಿ ಕೈಕೊಟ್ಟು
ಹಳೆ ಪತ್ರಿಕೆಯ ಮುದ್ದೆ ಹೊಟ್ಟೆಗೆ ತುಂಬಿಕೊಂಡು
ಹತ್ತೊಂಬತ್ತು ವರ್ಷ ಪೆಟ್ಟಿಗೆಯಲ್ಲಿ ಮಲಗಿತ್ತು.
"ಹೊಸದೇ ಕಣೇ, ಒಂದು ಹೆಜ್ಜೆಯೂ ನಡೆದಿಲ್ಲ."
ಅದೇ ಅದರ ರೋಗ.
ನಡೆಯದೆ ಇಟ್ಟದ್ದೂ ಸವೆಯುತ್ತದೆ,
ಒಳಗಿನಿಂದ, ಅಂಟಿನಿಂದ ಶುರುವಾಗಿ.

ಮೊದಲ ದಿನ ಕಲಿತದ್ದು ಚಿಲ್ಲರೆ ಪಾಠ.
ಗಾಜಿನ ಸೀಸೆಯ ಸೌತೆಕಾಯಿ ಉಪ್ಪಿನಕಾಯಿ
ಬೆನ್ನ ಮೇಲೆ ಹೊರುವ ವಸ್ತುವಲ್ಲ.
ಎರಡು ಕಿಲೋ ಸೇಬೂ ಅಲ್ಲ.
ಇಳಿದು ಬರುವವರನ್ನು ದೂರ ಕೇಳಬಾರದು;
ಎಲ್ಲರೂ ನಗುತ್ತ "ಅರ್ಧ ಗಂಟೆ" ಅನ್ನುತ್ತಾರೆ,
ಬೆಳಗ್ಗೆಯೂ ಅರ್ಧ ಗಂಟೆ, ಮಧ್ಯಾಹ್ನವೂ ಅರ್ಧ ಗಂಟೆ.
ಕ್ರೆದಾರಿತ್ಸಾದ ತಂಗುಮನೆಯಲ್ಲಿ
ಹವಾಮಾನ ಬರೆಯುವ ಹುಡುಗ ಸೀಸೆ ಖಾಲಿ ಮಾಡಿಕೊಟ್ಟು
ಋಣಕ್ಕೆಂಬಂತೆ ಹೇಳಿದ:
ನಾಳೆ ಹನ್ನೊಂದರ ಮೇಲೆ ಮೋಡ.

ಸೋದರ ಸೊಸೆ ನೇಝಾಳ ಚೀಲದಲ್ಲಿ ಒಂದು ಹಗ್ಗ.
ಮೊದಲ ಸಲ ತುದಿ ಮುಟ್ಟಿದವರನ್ನು ಬಗ್ಗಿಸಿ
ಹಿಂದಕ್ಕೊಂದು ಬಾರಿಸುವುದು ನಮ್ಮಲ್ಲಿ ಪದ್ಧತಿ,
ಬೆಟ್ಟದ ನಾಮಕರಣ.
ದಾರಿಯುದ್ದಕ್ಕೂ ಅದನ್ನು ತೋರಿಸಿ ಹೆದರಿಸುತ್ತಿದ್ದಳು.
ಹತ್ತೊಂಬತ್ತರ ಹುಡುಗಿ, ಬೂಟಿನಷ್ಟೇ ವಯಸ್ಸು.

ಎಂಟನೆಯ ಗೂಟದಲ್ಲಿ ಮೋಡ ಹರಿದು
ತುದಿಯ ತಗಡಿನ ಗೋಪುರ ಕಂಡಿತು,
ನಮ್ಮ ಬೀದಿಯ ಟಪಾಲು ಡಬ್ಬದಷ್ಟು, ಅಷ್ಟೇ ಹತ್ತಿರ.
ಒಂಬತ್ತರಲ್ಲಿ ಕಾಲೂರಿದರೆ
ಕಾಲು ಮಾತ್ರ ಬಂತು. ಅಟ್ಟೆ ಅಲ್ಲೇ ನಿಂತಿತು,
ನಾಲಗೆ ಚಾಚಿ.

"ಇನ್ನೊಂದು ಚೆನ್ನಾಗಿದೆಯಲ್ಲ," ಅಂದೆ.
ಸತ್ತ ಅಂಚೆಚೀಟಿಗೆ ಎಂಜಲು ಹಚ್ಚಿ ಒತ್ತುವ ಮುದುಕರನ್ನು
ಕಿಂಡಿಯಿಂದ ನಾನು ನೋಡುತ್ತೇನಲ್ಲ,
ಹಾಗೆ ನೋಡಿದಳು.
ಹಗ್ಗ ತೆಗೆದಳು.
ನಾಲ್ಕು ಸುತ್ತು, ಒಂದು ಗಂಟು, ಪಾರ್ಸೆಲಿಗೆ ಬಿಗಿದ ಹಾಗೆ.
"ಇಳಿಯೋಣ."

ಹತ್ತುವುದಕ್ಕೆ ನನ್ನ ಕಣ್ಣು ಸಾಕಾಗಿತ್ತು.
ಇಳಿಯುವಾಗ ಮುಖ ಬಂಡೆಗೆ,
ಬೆನ್ನ ಹಿಂದೆ ಬರೀ ಗಾಳಿ,
ಕಾಲಿಗೆ ಕಣ್ಣಿಲ್ಲ.
ಕೆಳಗಿನಿಂದ ಅವಳ ಕೈ ಬಂದು ಹಿಮ್ಮಡಿ ಹಿಡಿದು
ಕಲ್ಲಿನ ಮೇಲೆ ಇಡುತ್ತಿತ್ತು:
ಎಡಕ್ಕೆ. ಇನ್ನೂ ಸ್ವಲ್ಪ. ಅಲ್ಲೇ. ಭಾರ ಬಿಡು.
ಭಾರ ಬಿಡುವುದು ಇಷ್ಟು ಕಷ್ಟವೆಂದು
ಐವತ್ತೇಳು ವರ್ಷ ಗೊತ್ತಿರಲಿಲ್ಲ.
ಒಂಬತ್ತು ಗೂಟಕ್ಕೆ ಒಂದು ಗಂಟೆ ಹಿಡಿಯಿತು.

ಎರಡನೆಯ ಬೂಟು ಬಾಯಿಬಿಟ್ಟದ್ದು
ತಂಗುಮನೆಯ ಮೆಟ್ಟಿಲ ಮೇಲೆ, ಸೂಪಿನ ವಾಸನೆಗೆ.
ನೇಝಾ ಏನೂ ಅನ್ನಲಿಲ್ಲ. ನಾನೂ.
ಮೇಲೆ ಗುಡುಗು, ಹನ್ನೊಂದೂಕಾಲು.

ಸೋಮವಾರ ಕಿಂಡಿಯಾಚೆ ಹಲ್ಲಿನ ಡಾಕ್ಟರು.
"ಹತ್ತಿದ್ದೀರಾ?"
ಈಗ ಬಾಯಿ ಖಾಲಿ.
"ಒಂಬತ್ತು ಗೂಟ," ಅಂದೆ, ಚಿಲ್ಲರೆ ಕೊಟ್ಟೆ.

ಹಗ್ಗ ವಾಪಸು ಕೊಡಹೋದರೆ ಅವಳು ಮುಟ್ಟಲಿಲ್ಲ.
ಮೇಜಿನ ಖಾನೆಯಲ್ಲಿದೆ, ಮುದ್ರೆಗಳ ಪಕ್ಕ.
ಸಂಜೆ ಲೆಕ್ಕ ಮುಗಿಸುವಾಗ ಕೈಗೆ ತಾಗುತ್ತದೆ:
ಬಾಕಿ, ಒಂದು ಏಟು.